ಮೊದಲು ಆಂಪ್, ಆಮೇಲೆ ಗಿಟಾರ್

ಗ್ಯಾರೇಜ್ ರಾಕ್ ನುಡಿಸ್ಬೇಕು ಅಂತ ಈ ಸಲದ ಬೋನಸ್ಸನ್ನೆಲ್ಲ ಗಿಟಾರಿಗೇ ಸುರೀಬೇಡಿ. ಈ ಸಂಗೀತ ಬೆಳೆದದ್ದೇ ಅಗ್ಗದ ಸಾಮಾನಿನ ಮೇಲೆ.

1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್‌ಗೆ ಇನ್ನೂ 17 ವರ್ಷ. ತನ್ನ ಪುಟ್ಟ ಎಲ್ಪಿಕೊ ಆಂಪ್‌ನ ಸ್ಪೀಕರನ್ನು ಬ್ಲೇಡಿನಲ್ಲಿ ಸೀಳಿ, ಆ ಗೊರಗೊರ ಸದ್ದನ್ನು ವಾಕ್ಸ್ ಆಂಪ್‌ಗೆ ಹಾಯಿಸಿದ. 'ಯೂ ರಿಯಲಿ ಗಾಟ್ ಮಿ' ಹಾಡಿನ ಒರಟುತನ ಅಲ್ಲಿಂದ ಬಂದದ್ದು. (ನೀವು ಬ್ಲೇಡ್ ಹುಡುಕ್ಬೇಡಿ, ಒಂದು ಫಜ್ ಪೆಡಲ್ ಸಾಕು. ಎರಡನೆಯದು ಶೋಕಿ.)

ದುಡ್ಡು ಹಾಕೋದಾದ್ರೆ ಆಂಪ್‌ಗೆ ಹಾಕಿ. 5 ವ್ಯಾಟಿನ ವಾಲ್ವ್ ಆಂಪ್ ಪೂರ್ತಿ ಏರಿಸಿದ್ರೆ ಸದ್ದು ತಾನಾಗೇ ಒಡೆಯುತ್ತೆ. 100 ವ್ಯಾಟಿನದ್ದನ್ನು ಅಷ್ಟು ಏರಿಸೋಕೆ ಯಾವ ಅಪಾರ್ಟ್‌ಮೆಂಟಿನವರು ಬಿಡ್ತಾರೆ? 5 ವ್ಯಾಟಿಗೂ ಪಕ್ಕದ ಮನೆಯವರು ಬಾಗಿಲು ತಟ್ಟಬಹುದು, ಅದು ಬೇರೆ ಮಾತು.

ಗಿಟಾರ್ ಸೆಕೆಂಡ್ ಹ್ಯಾಂಡ್ ಆದ್ರೂ ನಡೆಯುತ್ತೆ. ವೈಟ್ ಸ್ಟ್ರೈಪ್ಸ್‌ನ ಜ್ಯಾಕ್ ವೈಟ್ ನುಡಿಸಿದ ಏರ್‌ಲೈನ್ ಗಿಟಾರಿನ ಒಡಲು ಮರದ್ದಲ್ಲ, ಫೈಬರ್‌ಗ್ಲಾಸಿನದು. ಕತ್ತು ನೆಟ್ಟಗಿರಲಿ, ಶ್ರುತಿ ನಿಲ್ಲಲಿ, ಅಷ್ಟೇ.

ಅಂಗಡಿಯಲ್ಲಿ ಆಂಪ್ ಏರಿಸಿಟ್ಟು ಗಿಟಾರಿನ ವಾಲ್ಯೂಮ್ ಮಾತ್ರ ಇಳಿಸಿ ನೋಡಿ. ಸದ್ದು ತಿಳಿಯಾಗ್ತಾ ಬಂದ್ರೆ ಆ ಆಂಪ್ ತಗೊಳ್ಳಿ.