‘ಧವ’ ಎಲ್ಲಿಂದ ಬಂದ?

ಶಿವರಾತ್ರಿ ಕಳೆದ ನಸುಕಿನಲ್ಲಿ ಕೇರಳದ ಆಲುವದ ಮಣಪ್ಪುರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪೆರಿಯಾರ್ ನದಿಯ ಮರಳದಿಣ್ಣೆಯ ಮೇಲೆ ಜಾಗರಣೆ ಮುಗಿಸಿದ ಜನ ಸಾಲಾಗಿ ಕುಳಿತು, ಸತ್ತವರಿಗೆ ಬಲಿ ಇಡುತ್ತಾರೆ. ಬೆರಳಿಗೆ ದರ್ಭೆಯ ಉಂಗುರ, ಎದುರಿಗೆ ಬಾಳೆಲೆ, ಎಳ್ಳು, ಅನ್ನದ ಉಂಡೆ. ಗಂಡಸರ ಪಕ್ಕದಲ್ಲೇ ಹೆಂಗಸರೂ ಕುಳಿತಿರುತ್ತಾರೆ. ತರ್ಪಣವೆಂದರೆ ಗಂಡುಮಕ್ಕಳ ಕೆಲಸ ಎಂದು ನೋಡಿಕೊಂಡು ಬಂದ ಕನ್ನಡದ ಕಣ್ಣಿಗೆ ಇದು ಹೊಸದು. ಗಂಡನ ಹೆಸರು ಹೇಳಿ ಎಳ್ಳುನೀರು ಬಿಡುವ ಹೆಂಗಸು ಇಲ್ಲಿ ಕರ್ಮದ ಅಧಿಕಾರವುಳ್ಳವಳು. ಅವಳೇ ಮದುವೆಮನೆಗೆ ಹೋದರೆ ಬೇರೊಂದು ಪದ ಅವಳಿಗಿಂತ ಮೊದಲು ಒಳಗೆ ಹೋಗಿರುತ್ತದೆ.

ಆ ಪದದ ಬಳಗ ದೊಡ್ಡದು. ಇಂಗ್ಲಿಷಿನ ವಿಡೊ, ಜರ್ಮನ್ನಿನ ವಿಟ್ವೆ, ಲ್ಯಾಟಿನ್ನಿನ ವಿದುವಾ, ರಷ್ಯನ್ನಿನ ವ್ದೊವಾ, ಪರ್ಶಿಯನ್ನಿನ ಬೇವಾ, ನಮ್ಮ ವಿಧವೆ ಎಲ್ಲವೂ ಒಂದೇ ಬೇರಿನವು. ಬೇರ್ಪಡು, ಬರಿದಾಗು ಎಂಬುದು ಆ ಮೂಲದ ಅರ್ಥವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅದರಲ್ಲಿ ಗಂಡನ ಸುಳಿವೇ ಇಲ್ಲ. ‘ಧವ ಇಲ್ಲದವಳು ವಿಧವೆ’ ಎಂದು ಪಾಠದಲ್ಲಿ ಕಲಿತದ್ದು ಆಮೇಲಿನ ಬಿಡಿಸಾಟ. ಪದಗಳ ಮೂಲ ಹುಡುಕುವ ಪ್ರಾಚೀನ ಸಂಸ್ಕೃತ ಗ್ರಂಥ, ಯಾಸ್ಕನ ‘ನಿರುಕ್ತ’ದಲ್ಲೇ ಈ ಪದಕ್ಕೆ ಹಲವು ವಿವರಣೆಗಳಿವೆ, ಆಸರೆಯಿಲ್ಲದವಳು, ನಡುಗುವವಳು ಎಂಬವುಗಳ ಜೊತೆಗೆ ಧವ ಎಂದರೆ ಮನುಷ್ಯ ಎಂಬುದೂ ಒಂದು. ವಿಧವಾ ಎಂಬ ಇಡೀ ಪದವನ್ನು ಒಡೆದಾಗ ಉಳಿದ ತುಂಡೇ ಧವ, ಗಂಡನಾಗಿ ನಿಘಂಟು ಸೇರಿತು. ಹೆಣ್ಣಿನ ಅಗಲಿಕೆಯ ಪದದಿಂದ ಗಂಡನೊಬ್ಬನನ್ನು ಹೊರತೆಗೆದು, ಅವನಿಲ್ಲದ್ದರಿಂದಲೇ ಇವಳು ಹೀಗೆ ಎಂದಂತಾಯಿತು. ಇಂಗ್ಲಿಷಿನಲ್ಲಿ ಹೆಂಡತಿ ಸತ್ತವನನ್ನು ಸೂಚಿಸುವ ವಿಡೋವರ್ ಕೂಡ ಹೆಣ್ಣಿನ ಪದಕ್ಕೆ ಬಾಲ ಸೇರಿಸಿ ಮಾಡಿದ್ದೇ.

ಹಾಗಾದರೆ ಗಂಡ ಸತ್ತೊಡನೆ ಹೆಣ್ಣು ‘ವಿಧವೆ’ ಆಗುವುದು ಸಾವಿನಿಂದಲೋ, ಅವಳು ಬಾಳುವ ಮನೆಯಿಂದಲೋ? ಕೇರಳದಲ್ಲಿ ಒಂದೇ ಊರಿನ ಎರಡು ಮನೆಗಳು ಇದಕ್ಕೆ ಉತ್ತರ ಕೊಡುತ್ತವೆ. ತಾಯಿಯ ಕಡೆಯಿಂದ ವಂಶ ಎಣಿಸುವ ಮರುಮಕ್ಕತ್ತಾಯದ ನಾಯರ್ ಹೆಣ್ಣು ಹುಟ್ಟಿದ ಮನೆಯಾದ ತರವಾಡಿನಲ್ಲೇ ಇರುತ್ತಿದ್ದಳು, ಗಂಡ ಬಂದುಹೋಗುವವನು. ಅವನು ತೀರಿಕೊಂಡರೂ ಅವಳ ಕೋಣೆ, ಅನ್ನ, ಹಕ್ಕು ಕದಲುತ್ತಿರಲಿಲ್ಲ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲೂ ಹೆಣ್ಣಿಗೆ ತವರಿನ ಹಕ್ಕು ಉಳಿಯುತ್ತಿತ್ತು. ಪಕ್ಕದ ನಂಬೂದಿರಿ ಬ್ರಾಹ್ಮಣರ ಮನೆಯಲ್ಲಿ ಮಾತ್ರ ಕಥೆ ಬೇರೆಯಿತ್ತು. ಹಿರಿಯ ಮಗನಿಗಷ್ಟೇ ಸ್ವಜಾತಿಯ ಮದುವೆ, ಅವನಿಗೆ ಹಲವು ಹೆಂಡಿರು, ಮುದುಕರಿಗೆ ಎಳೆಯ ಹುಡುಗಿಯರು. ಹದಿಹರೆಯದಲ್ಲೇ ತಾಳಿ ಕಳೆದುಕೊಂಡ ಅಂತರ್ಜನಗಳಿಗೆ, ಎಂದರೆ ಆ ಮನೆಗಳ ಹೆಂಗಸರಿಗೆ, ಅಡುಗೆಮನೆಯೇ ಕೊನೆಯಾಗಿತ್ತು.

ಆ ಕಟ್ಟು ಮುರಿದು 1934ರಲ್ಲಿ ನಂಬೂದಿರಿ ಸುಧಾರಕ ಎಂ.ಆರ್. ಭಟ್ಟತಿರಿಪ್ಪಾಡ್ ವಿಧವೆ ಉಮಾ ಅಂತರ್ಜನಂ ಅವರ ಕೈ ಹಿಡಿದರು. ನಂಬೂದಿರಿಗಳಲ್ಲಿ ಮೊದಲ ವಿಧವಾ ವಿವಾಹವೆಂದು ಹೆಸರಾದದ್ದು ಅದು. ಮುಂದೆ ನಿಂತು ನಡೆಸಿದವರು ಉಮಾ ಅವರ ಭಾವ ವಿ.ಟಿ. ಭಟ್ಟತಿರಿಪ್ಪಾಡ್. ಎಂ.ಆರ್. ಅವರ ತಮ್ಮ, ನಟ ಪ್ರೇಮ್‌ಜಿ ಕೂಡ ಮುಂದೆ ವಿಧವೆಯನ್ನೇ ಮದುವೆಯಾದರು. ಮಲಯಾಳದ ‘ಪಿರವಿ’ ಚಿತ್ರದಲ್ಲಿ ಕಾಣೆಯಾದ ಮಗನಿಗಾಗಿ ಕಾಯುವ ತಂದೆಯಾಗಿ ನಾಡೇ ನೋಡಿದ ಮುಖ ಅವರದು. ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆಯಂತೂ ಬ್ರಿಟಿಷ್ ಇಂಡಿಯಾದಲ್ಲಿ 1856ರಲ್ಲೇ ಸಿಕ್ಕಿತ್ತು.

ಕನ್ನಡದಲ್ಲಿ ಗಾಯ ಇನ್ನೂ ಹಸಿ. ‘ಮುಂಡೆ’ ಎಂದರೆ ತಲೆ ಬೋಳಿಸಿದವಳು. ಬಲವಂತದಿಂದ ಮಾಡಿದ ಅನ್ಯಾಯವೇ ಅವಳಿಗೆ ಬೈಗುಳವಾಯಿತು, ಅವಳ ಮಗನಿಗೂ ಅಂಟಿತು. ‘ವಿಧುರ’ ಎಂದು ಯಾರನ್ನಾದರೂ ಬೈದದ್ದುಂಟೆ? ಆದರೆ ಇದೇ ಕನ್ನಡದಲ್ಲಿ ‘ಉಡಿಕೆ’ ಎಂಬ ಮಾತೂ ಇದೆ. ಹೊಸ ಸೀರೆ ಉಡಿಸಿ ಗಂಡ ಸತ್ತವಳನ್ನು ಮತ್ತೆ ಸಂಸಾರಕ್ಕೆ ಕರೆದುಕೊಳ್ಳುವ ರೂಢಿ ಎಷ್ಟೋ ದುಡಿಯುವ ಜಾತಿಗಳಲ್ಲಿತ್ತು. ಸುಧಾರಕರ ಭಾಷಣಕ್ಕೆ ಕಾಯದೆ ಹುಟ್ಟಿದ ಈ ಪದವನ್ನು ಓದುಬರಹ ಬಲ್ಲವರು ಕೀಳಾಗಿ ಕಂಡದ್ದು ದೊಡ್ಡ ನಷ್ಟ.

ಈಗ ಹೆಸರು ಬದಲಿಸುವ ಉತ್ಸಾಹ ಬಂದಿದೆ. ಗುಜರಾತ್ ಸರ್ಕಾರ 2019ರಲ್ಲಿ ವಿಧವಾ ಸಹಾಯಧನವನ್ನು ‘ಗಂಗಾ ಸ್ವರೂಪ’ ಎಂದು ಕರೆಯಿತು. ಪೂಜ್ಯವಾದ ಹೆಸರು ನಿಜ, ಆದರೆ ಗಂಡ ಸತ್ತ ಗುರುತಿನಿಂದಲೇ ಕರೆಯುವುದು ತಪ್ಪಲಿಲ್ಲ. ಕೇರಳದಲ್ಲಿ ವಿಧವಾ ಪಿಂಚಣಿ ಪಡೆಯುವ, 60 ದಾಟದ ಹೆಂಗಸರು ತಾವು ಮರುಮದುವೆಯಾಗಿಲ್ಲ ಎಂಬ ದೃಢಪತ್ರವನ್ನು ವರ್ಷವರ್ಷವೂ ಕೊಡಬೇಕು. ಮಣಪ್ಪುರದಲ್ಲಿ ಎಳ್ಳುನೀರು ಬಿಟ್ಟ ಹೆಂಗಸೂ ಅಂಥದೊಂದು ಕಾಗದ ಹಿಡಿದು ಪಂಚಾಯಿತಿ ಕಚೇರಿಯ ಸಾಲಿನಲ್ಲಿ ನಿಂತಿರಬಹುದು.