ಪೇತ್ರನಿಗೆ ಸಿಕ್ಕ ಕ್ಷಮೆ ಕೋಲಾರದ ಕೇರಿಗೆ ಏಕಿಲ್ಲ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ದಲಿತ ಕೇರಿಗಳಲ್ಲಿ ಒಂದೇ ಮಗುವಿಗೆ ಎರಡು ಹೆಸರಿರುವ ಮನೆಗಳಿವೆ. ದೀಕ್ಷಾಸ್ನಾನದ ದಿನ ಸಭಾಪಾಲಕರು ಕರೆದ ಹೆಸರು ಒಂದು, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮೇಷ್ಟ್ರು ಬರೆದುಕೊಂಡದ್ದು ಇನ್ನೊಂದು. ಭಾನುವಾರ ಪ್ರಾರ್ಥನೆಗೆ ಕೂರುವ ತಂದೆ ಸೋಮವಾರ ನಾಡಕಚೇರಿಯ ಕಿಟಕಿಯ ಮುಂದೆ ನಿಂತು ‘ಹಿಂದೂ, ಆದಿ ಕರ್ನಾಟಕ’ ಎಂದು ಬರೆಸುತ್ತಾನೆ. ಇಂಥವರ ಮೇಲೆ ಎರಡೂ ಕಡೆಯಿಂದ ಬೈಗುಳ ಬೀಳುತ್ತದೆ. ಕ್ರಿಸ್ತನನ್ನು ಅಲ್ಲಗಳೆದವರು ಎಂದು ಚರ್ಚಿನ ಕೆಲವರು, ಸರ್ಕಾರಕ್ಕೆ ಮೋಸ ಮಾಡಿದವರು ಎಂದು ಹೊರಗಿನ ಹಲವರು. ‘ಯೂದ’ ಎಂಬ ಹೆಸರೂ ಸುಲಭವಾಗಿ ಅವರಿಗೆ ಅಂಟಿಕೊಳ್ಳುತ್ತದೆ. ಆ ಹೆಸರು ಅವರದಲ್ಲ. ಸುವಾರ್ತೆಗಳನ್ನು ಸಾವಧಾನವಾಗಿ ಓದಿದರೆ ಈ ತಂದೆ ನಿಂತಿರುವುದು ಪೇತ್ರನ ಜಾಗದಲ್ಲಿ. ಪೇತ್ರನಂಥವನನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದು ಎರಡು ಸಾವಿರ ವರ್ಷಗಳ ಹಿಂದೆಯೇ ತೀರ್ಮಾನವಾಗಿದೆ.

ಪೇತ್ರ, ಯೂದ ಇಬ್ಬರೂ ಯೇಸುವಿನ ಶಿಷ್ಯರು, ಒಂದೇ ರಾತ್ರಿ, ಒಂದೇ ಪಂಕ್ತಿಯಲ್ಲಿ ಉಂಡು ಎದ್ದವರು. ಇಸ್ಕರಿಯೋತ ಯೂದನನ್ನು ಯಾರೂ ಹುಡುಕಿಕೊಂಡು ಬರಲಿಲ್ಲ. ಮತ್ತಾಯನ ಪ್ರಕಾರ ಅವನೇ ಮಹಾಯಾಜಕರ ಬಳಿ ಹೋಗಿ, ಯೇಸುವನ್ನು ಹಿಡಿದುಕೊಟ್ಟರೆ ಏನು ಕೊಡುತ್ತೀರಿ ಎಂದು ವಿಚಾರಿಸಿದ. ಸಿಕ್ಕಿದ್ದು 30 ಬೆಳ್ಳಿ ನಾಣ್ಯ. ಹಳೆಯ ಒಡಂಬಡಿಕೆಯ ಕಾನೂನಿನಲ್ಲಿ ಎತ್ತು ಹಾಯ್ದು ಸತ್ತ ಗುಲಾಮನಿಗೆ ಕಟ್ಟಬೇಕಾದ ಬೆಲೆಯೂ ಅಷ್ಟೇ. ಪೇತ್ರನ ಕಥೆ ಬೇರೆ. ತೋಟದಲ್ಲಿ ಕತ್ತಿ ಹಿರಿದು ಮಲ್ಕನೆಂಬ ಆಳಿನ ಕಿವಿ ಕತ್ತರಿಸಿದವನು ಅವನು. ಬಹುತೇಕ ಶಿಷ್ಯರು ಓಡಿಹೋದಾಗ ದೂರದಿಂದಲಾದರೂ ಹಿಂಬಾಲಿಸಿ ಮಹಾಯಾಜಕನ ಅಂಗಳದವರೆಗೆ ಬಂದ. ಚಳಿಗೆ ಇದ್ದಿಲ ಬೆಂಕಿ ಕಾಯಿಸುತ್ತ ನಿಂತವನನ್ನು ಮೊದಲು ಕೇಳಿದ್ದು ಒಬ್ಬ ಕೆಲಸದ ಹುಡುಗಿ: ನೀನೂ ಅವನ ಕಡೆಯವನಲ್ಲವೇ ಎಂದು. ಆಮೇಲೆ ಕಿವಿ ಕಳೆದುಕೊಂಡವನ ಬಂಧುವೊಬ್ಬ ಗುರುತು ಹಿಡಿದ. ಮಾತಾಡಿದರೆ ಗಲಿಲಾಯದ ಧಾಟಿ ಅವನನ್ನು ಬಿಟ್ಟುಕೊಟ್ಟಿತು. ತೆಲುಗಿನ ರಾಗ ಬೆರೆತ ಕನ್ನಡ ಬಾಯಿಬಿಟ್ಟ ಕ್ಷಣಕ್ಕೇ ‘ಕೋಲಾರದ ಕಡೆಯವರಾ?’ ಎಂದು ಬೆಂಗಳೂರಿನಲ್ಲಿ ಕೇಳಿಸಿಕೊಂಡವರಿಗೆ ಆ ಇಕ್ಕಟ್ಟು ಅರ್ಥವಾಗುತ್ತದೆ. ಪೇತ್ರ ಮೂರು ಸಲ ಇಲ್ಲ ಎಂದ. ಸುಳ್ಳೇ ಹೇಳಿದ, ಆಣೆ ಇಟ್ಟು ಹೇಳಿದ. ಆದರೆ ಯಾರನ್ನೂ ಮಾರಲು ಹೇಳಿದ ಸುಳ್ಳಲ್ಲ ಅದು, ತನ್ನ ತಲೆ ಉಳಿಸಿಕೊಳ್ಳಲು ಹೇಳಿದ್ದು.

ಕ್ಷಮೆ ಬಂದ ರೀತಿಯನ್ನೂ ಗಮನಿಸಬೇಕು. ಲೂಕನ ಪ್ರಕಾರ, ಪೇತ್ರ ಬೀಳುವ ಮೊದಲೇ ಯೇಸು ಅವನಿಗಾಗಿ ಪ್ರಾರ್ಥಿಸಿದ್ದ. ಮಾರ್ಕನಲ್ಲಿ ಬರಿದಾದ ಸಮಾಧಿಯಿಂದ ಹೊರಟ ಸಂದೇಶ ಶಿಷ್ಯರಿಗೂ ಪೇತ್ರನಿಗೂ ಎಂದು ಅವನ ಹೆಸರನ್ನು ಬೇರೆಯಾಗಿಯೇ ಎತ್ತುತ್ತದೆ. ಯೋಹಾನನ ಕೊನೆಯ ಅಧ್ಯಾಯದಲ್ಲಿ ತಿಬೇರಿಯ ಸರೋವರದ ದಡದ ಮೇಲೆ ಮತ್ತೊಂದು ಇದ್ದಿಲ ಬೆಂಕಿ, ಅದರ ಮೇಲೆ ಮೀನು. ಮೊದಲು ಊಟ, ಆಮೇಲೆ ಪ್ರಶ್ನೆ. ಆ ಪ್ರಶ್ನೆಯೂ ‘ಏಕೆ ಅಲ್ಲಗಳೆದೆ?’ ಎಂಬುದಲ್ಲ, ನನ್ನನ್ನು ಪ್ರೀತಿಸುತ್ತೀಯಾ ಎಂಬುದು. ಪ್ರತಿ ಉತ್ತರಕ್ಕೂ ಕುರಿಗಳನ್ನು ನೋಡಿಕೊಳ್ಳುವ ಕೆಲಸ. ತಪ್ಪೊಪ್ಪಿಗೆ ಬರೆಸಿಕೊಳ್ಳಲಿಲ್ಲ, ಎಲ್ಲರೆದುರು ನಿಲ್ಲಿಸಿ ನಾಚಿಸಲಿಲ್ಲ. ಯೂದನೂ ಪಶ್ಚಾತ್ತಾಪ ಪಟ್ಟವನೇ ಎಂಬುದನ್ನು ನಾವು ಮರೆಯುತ್ತೇವೆ. ನಿರಪರಾಧಿಯನ್ನು ಒಪ್ಪಿಸಿದೆ ಎಂದು ಅವನು ಹಣ ಹಿಂದಿರುಗಿಸಲು ಹೋದ. ಅವನನ್ನು ಬಳಸಿಕೊಂಡ ಯಾಜಕರು ಅದು ನಿನ್ನ ಪಾಡು ಎಂದು ಕೈತೊಳೆದುಕೊಂಡರು. ಅವನ ದುಃಖ ಸುಳ್ಳಾಗಿರಲಿಲ್ಲ, ಅದನ್ನು ಇಳಿಸಿಕೊಳ್ಳುವವರು ಸಿಗಲಿಲ್ಲ.

ಈಗ ನಾಡಕಚೇರಿಗೆ ಬರೋಣ. 2011ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರ ಪ್ರಮಾಣ ಶೇ 30ಕ್ಕಿಂತ ಹೆಚ್ಚು, ರಾಜ್ಯದಲ್ಲೇ ಅತ್ಯಧಿಕ. ಇಲ್ಲಿ ಕ್ರೈಸ್ತಧರ್ಮ ಬೇರು ಬಿಟ್ಟಿದ್ದು ಹಸಿವಿನ ಕಾಲದಲ್ಲಿ. 1876–78ರ ಬರಗಾಲದ ಅನಾಥ ಮಕ್ಕಳಿಗೆ ಕೋಲಾರದಲ್ಲಿ ಆಶ್ರಯ ಕೊಟ್ಟವರು ಮಿಸ್ ಲೂಯಿಸಾ ಆನ್‌ಸ್ಟಿ. ಆ ಕೆಲಸ ಮುಂದೆ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು, ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ಅವರದೇ ಪರಂಪರೆ. ಚಿನ್ನದ ಗಣಿಗಳಿಗೆ ಬಂದ ತಮಿಳು ದಲಿತ ಕಾರ್ಮಿಕರು ಕೆಜಿಎಫ್‌ನಲ್ಲಿ ಬೇರೊಂದು ಕ್ರೈಸ್ತ ಲೋಕವನ್ನೇ ಕಟ್ಟಿದರು. ಇವರೆಲ್ಲರ ಮಕ್ಕಳ ಮುಂದೆ ಆ ಹಳೆಯ ಪ್ರಶ್ನೆಯನ್ನು ಇಟ್ಟದ್ದು 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ. ಹಿಂದೂ ಅಲ್ಲದ ಧರ್ಮವನ್ನು ಅನುಸರಿಸುವವರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ ಎಂದು ಅದರ ಮೂರನೇ ಕಂಡಿಕೆ ಹೇಳಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತರಿಗೂ ಮುಸ್ಲಿಮರಿಗೂ ಮುಚ್ಚಿಯೇ ಇದೆ. ನೀನೂ ಅವನ ಕಡೆಯವನೋ ಎಂದು ಕೇಳುವ ಜಾಗದಲ್ಲಿ ಈಗ ರಾಜ್ಯವೇ ನಿಂತಿದೆ. ಹೌದು ಎಂದವನ ಮಗಳ ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು, ನೌಕರಿಯ ಅವಕಾಶ ಎಲ್ಲವೂ ಆ ಉತ್ತರದ ಮೇಲೆ ನಿಂತಿವೆ.

ಇದಕ್ಕೆ ಬರುವ ಆಕ್ಷೇಪ ಹಗುರವಾದುದಲ್ಲ. ಹೆಸರು ಮರೆಮಾಡಿ ಪಡೆದ ಸೀಟು ಮತ್ತೊಬ್ಬ ದಲಿತನ ಪಾಲಿನದು ಎನ್ನುತ್ತಾರೆ. ನಂಬಿಕೆಯೇ ಇಲ್ಲದೆ ಮೀಸಲಾತಿಗಾಗಿಯೇ ಧರ್ಮ ಬದಲಿಸಿಕೊಳ್ಳುವುದು ಸಂವಿಧಾನಕ್ಕೆ ಎಸಗುವ ವಂಚನೆ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಪುದುಚೇರಿಯ ಒಂದು ಪ್ರಕರಣದಲ್ಲಿ ಹೇಳಿದೆ. ಕರ್ನಾಟಕದಲ್ಲಂತೂ ಮತಾಂತರಗೊಂಡ ಪರಿಶಿಷ್ಟರಿಗೆ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಜಾಗ ಇದೆಯಲ್ಲ ಎಂಬ ಮಾತೂ ಉಂಟು. ಜಾಗ ಇರುವುದು ನಿಜ, ಆದರೆ ಅದು ಶೇ 4ರ ಪ್ರವರ್ಗ, ಹಲವು ಸಮುದಾಯಗಳು ಹಂಚಿಕೊಳ್ಳಬೇಕಾದದ್ದು. ಅಲ್ಲಿಗೆ ಹೋದವನಿಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಕೈತಪ್ಪುತ್ತದೆ. ಪಕ್ಕದ ಆಂಧ್ರದ ಹೈಕೋರ್ಟ್ 2025ರಲ್ಲಿ ಒಬ್ಬ ಪಾಸ್ಟರ್‌ನ ಪ್ರಕರಣದಲ್ಲಿ ಇದನ್ನೇ ಹೇಳಿತು. ಊರು ಮಾತ್ರ ಅವನನ್ನು ಅಳೆಯುವುದು ಹಳೆಯ ಅಳತೆಯಲ್ಲೇ. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಮೆರವಣಿಗೆಯ ಕೋಲು ಮುಟ್ಟಿದ ದಲಿತ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು, ಕಟ್ಟದಿದ್ದರೆ ಊರು ಬಿಡಬೇಕು ಎಂದರು. ಅಲ್ಲಿ ಲೆಕ್ಕಕ್ಕೆ ಬಂದದ್ದು ಹುಡುಗ ಯಾವ ಕೇರಿಯವನು ಎಂಬುದು. ದೀಕ್ಷಾಸ್ನಾನವಾದ ಮಾತ್ರಕ್ಕೆ ಆ ಮನೆ ಕೇರಿಯಿಂದ ಮೇಲುಬೀದಿಗೆ ಹೋಗುವುದಿಲ್ಲ. ಇನ್ನು ಪಾಲಿನ ಪ್ರಶ್ನೆ: ಫಲಾನುಭವಿಗಳು ಹೆಚ್ಚುವುದಾದರೆ ಶೇಕಡಾವಾರು ಪ್ರಮಾಣವನ್ನೂ ಹೆಚ್ಚಿಸಬೇಕು ಎಂಬ ವಾದ ನ್ಯಾಯವಾದದ್ದು. ರಾಜ್ಯ 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು 15ರಿಂದ 17ಕ್ಕೆ ಏರಿಸಿದ್ದು ಇಂಥ ತರ್ಕದಿಂದಲೇ.

ಚರ್ಚಿನೊಳಗಿನ ಆಕ್ಷೇಪಕ್ಕೆ ಉತ್ತರ ಚರ್ಚಿನ ಇತಿಹಾಸದಲ್ಲೇ ಇದೆ, ಅದೂ ಬೆರಗಾಗುವಷ್ಟು ಹತ್ತಿರದ ಉತ್ತರ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್, ಪ್ರಜೆಗಳೆಲ್ಲ ದೇವರುಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಈಜಿಪ್ಟಿನ ಮರಳಿನಲ್ಲಿ ಅಂಥ 40ಕ್ಕೂ ಹೆಚ್ಚು ಪತ್ರಗಳು ಸಿಕ್ಕಿವೆ. ಒಂದರಲ್ಲಿ 72 ವರ್ಷದ ಡಯೋಜಿನಸ್ ಎಂಬ ಹಳ್ಳಿಗನ ಅರ್ಜಿ: ಊರಿನ ಹೆಸರು, ಬಲ ಹುಬ್ಬಿನ ಮೇಲಿನ ಗಾಯದ ಗುರುತು, ತಾನು ಎಂದೆಂದೂ ಬಲಿ ಅರ್ಪಿಸಿದವನು ಎಂಬ ಹೇಳಿಕೆ. ಅವನು ಕ್ರೈಸ್ತನೆಂದು ಆ ಪತ್ರ ಹೇಳುವುದಿಲ್ಲ, ಆಜ್ಞೆ ಎಲ್ಲರಿಗೂ ಇತ್ತು. ಆದರೆ ಬಲಿ ಕೊಡದೆ, ಹಣ ಕೊಟ್ಟು ಪತ್ರ ಮಾತ್ರ ಬರೆಸಿಕೊಂಡ ಕ್ರೈಸ್ತರು ಅನೇಕರಿದ್ದರು. ಕಿರುಕುಳ ತಣ್ಣಗಾದ ಮೇಲೆ ಅವರನ್ನು ಏನು ಮಾಡುವುದು ಎಂದು ಸಭೆ ಇಬ್ಭಾಗವಾಯಿತು. ಅವರಿಗೆ ಕ್ಷಮೆಯೇ ಇಲ್ಲ ಎಂದ ರೋಮಿನ ನೊವೇಷಿಯನ್. ಕಾರ್ತೇಜಿನ ಬಿಷಪ್ ಸಿಪ್ರಿಯನ್ ಪಾಪವನ್ನು ಪಾಪವೆಂದೇ ಕರೆದ, ಆದರೂ 251ರ ಸಭೆಯಲ್ಲಿ ಪತ್ರ ಮಾತ್ರ ಪಡೆದವರನ್ನು ಬಲಿ ಕೊಟ್ಟವರಿಂದ ಬೇರ್ಪಡಿಸಿ, ವಿಚಾರಿಸಿ ಒಳಗೆ ಕರೆದುಕೊಳ್ಳುವ ತೀರ್ಮಾನವಾಯಿತು. ಸಭೆ ಒಪ್ಪಿದ್ದು ಈ ದಾರಿಯನ್ನು, ನೊವೇಷಿಯನ್‌ನ ದಾರಿಯನ್ನಲ್ಲ. ಕಚೇರಿಯ ಕಾಗದಕ್ಕಾಗಿ ಬಾಯಿಮಾತಿನಲ್ಲಿ ಸೋತವರ ವಿಷಯದಲ್ಲಿ ಚರ್ಚ್ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಾದ್ದೇನಿಲ್ಲ. ಅಂದಹಾಗೆ, 2021ರ ಡಿಸೆಂಬರ್‌ನಲ್ಲಿ ಶ್ರೀನಿವಾಸಪುರದಲ್ಲಿ ಮನೆ ಮನೆಗೆ ಹೋಗುತ್ತಿದ್ದವರ ಬಳಿಯಿದ್ದ ಕ್ರೈಸ್ತ ಪುಸ್ತಕಗಳನ್ನು ಬೀದಿಯಲ್ಲೇ ಸುಟ್ಟ ಸುದ್ದಿ ನಾಡಿಗೆಲ್ಲ ಗೊತ್ತು. ಅಂಥ ಹವೆಯಲ್ಲಿ ತನ್ನ ನಂಬಿಕೆಯನ್ನು ಮೆಲುದನಿಗೆ ಇಳಿಸಿದವನನ್ನು ಹೇಡಿ ಎನ್ನುವ ಹಕ್ಕು ಸುರಕ್ಷಿತ ಊರುಗಳ ಉಪದೇಶಕರಿಗಿಲ್ಲ.

ಚರ್ಚ್ ತನ್ನ ಲೆಕ್ಕವನ್ನೂ ಒಪ್ಪಿಸಬೇಕು. ಕ್ಷಮೆ ಪಡೆದ ಪೇತ್ರ ಮತ್ತೆ ಎಡವಿದ್ದುಂಟು. ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದವನು, ಜೆರುಸಲೇಮಿನಿಂದ ಕೆಲವರು ಬಂದೊಡನೆ ಅವರಿಗೆ ಹೆದರಿ ಎಲೆಯಿಂದ ಎದ್ದ. ಪೌಲ ಎಲ್ಲರೆದುರೇ ಅವನನ್ನು ಖಂಡಿಸಿದ. ಅಂಗಳದಲ್ಲಿ ಒಬ್ಬಂಟಿಯಾಗಿ ಹೆದರಿದವನಿಗೆ ಮೃದುವಾದ ಪ್ರಶ್ನೆ, ಸಭೆಯ ಹಿರಿಯನಾದ ಮೇಲೆ ಪಂಕ್ತಿಭೇದ ಮಾಡಿದವನಿಗೆ ನೇರ ಛೀಮಾರಿ. ದಕ್ಷಿಣ ಭಾರತದ ಎಷ್ಟೋ ಚರ್ಚುಗಳಲ್ಲಿ ಜಾತಿಗೊಂದು ಸಾಲು, ಜಾತಿಗೊಂದು ಸ್ಮಶಾನ ಇದ್ದದ್ದನ್ನು ದಲಿತ ಕ್ರೈಸ್ತರೇ ದಶಕಗಳಿಂದ ಹೇಳುತ್ತ ಬಂದಿದ್ದಾರೆ. ನಮ್ಮಲ್ಲಿ ಜಾತಿ ಇಲ್ಲ ಎಂದು ವೇದಿಕೆಯ ಮೇಲೆ ಹೇಳಿ, ಮದುವೆ ಮಾತುಕತೆಯಲ್ಲಿ ಕೇರಿ ವಿಚಾರಿಸುವ ಸಭೆ ಕೇರಿಯ ತಂದೆಯ ಕಾಗದವನ್ನು ಪಾಪವೆಂದು ಎತ್ತಿ ತೋರಿಸಿದರೆ, ಪೌಲನ ಛೀಮಾರಿಗೆ ಅರ್ಹವಾಗುವುದು ಸಭೆಯೇ.

ಕ್ಷಮಿಸುತ್ತ ಹೋದರೆ ಸುಳ್ಳೇ ರೂಢಿಯಾಗುವುದಿಲ್ಲವೇ ಎಂಬ ಮಾತು ಉಳಿಯುತ್ತದೆ. ಈಗಾಗಲೇ ಮೂರು ತಲೆಮಾರಿಗೆ ಅದು ರೂಢಿಯಾಗಿದೆ, ಮಾಡಿದ್ದು ಕ್ಷಮೆಯಲ್ಲ, ಆ ಮೂರನೇ ಕಂಡಿಕೆ. ಅದನ್ನು ತೆಗೆಯಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಶಿಫಾರಸು ಮಾಡಿತ್ತು. 2004ರಿಂದ ಸುಪ್ರೀಂ ಕೋರ್ಟ್‌ನಲ್ಲಿ ಅರ್ಜಿ ಇದೆ. 2022ರ ಅಕ್ಟೋಬರ್‌ನಲ್ಲಿ ಇದೇ ಪ್ರಶ್ನೆಯ ಪರಿಶೀಲನೆಗೆ ನೇಮಕವಾದ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗದ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಗಿದೆ. ಕಂಡಿಕೆ ಹೋದ ದಿನ ಮುಳಬಾಗಿಲಿನ ತಂದೆ ಎರಡೂ ಸತ್ಯಗಳನ್ನು ಒಂದೇ ಅರ್ಜಿಯಲ್ಲಿ ಬರೆಸಬಲ್ಲ. ಅಲ್ಲಿಯವರೆಗೆ ಕೋಲಾರ ಸೀಮೆಯ ಸಭೆಗಳು ಮಾಡಬೇಕಾದ್ದು ಸ್ಪಷ್ಟವಾಗಿದೆ: ಕಾಗದ ಕೇಳದೆ ಅವನನ್ನು ಪಂಕ್ತಿಗೆ ಕೂರಿಸಬೇಕು, ಸಭೆಯ ಹಿರಿತನವನ್ನೂ ಕೊಡಬೇಕು, ಅವನ ಪರವಾಗಿ ಆಯೋಗದ ಮುಂದೆ ಬಹಿರಂಗವಾಗಿ ಸಾಕ್ಷಿ ಹೇಳಬೇಕು. ಪ್ರಮಾಣಪತ್ರ ರದ್ದಾಗುವ ಭಯದಲ್ಲಿ ಅವನು ಆಡಲಾಗದ ಮಾತನ್ನು, ಕಳೆದುಕೊಳ್ಳುವುದು ಕಡಿಮೆ ಇರುವ ಬಿಷಪ್ಪರೂ ಸಭಾಪಾಲಕರೂ ಆಡಬಹುದು.