ಪುಸ್ತಕ ಮುಚ್ಚಿದ ಮೇಲೆ ಉಳಿಯುವುದೇ ವಿದ್ಯೆ

ಕಳೆದ ವರ್ಷ ಶ್ರಾವಣ ಮಾಸದಲ್ಲಿ ಶಿಕಾರಿಪುರದ ಕಡೆಯ ಒಂದು ಮಠಕ್ಕೆ ಪ್ರವಚನ ಕೇಳಲು ಹೋಗಿದ್ದೆ. ಪ್ರಸಾದ ಮುಗಿದ ಮೇಲೆ ಸೊರಬ ತಾಲ್ಲೂಕಿನ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದು ಎದುರು ಕುಳಿತರು. ನಾನು ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತನಾದವನೆಂದು ಅವರಿಗೆ ಯಾರೋ ತಿಳಿಸಿದ್ದರು.

“ಸರ್ರೆ, ಇವಳು ಬಿ.ಎಸ್ಸಿ. ಮೊದಲನೇ ವರ್ಷ. ರಾತ್ರಿ ಹನ್ನೊಂದರ ತನಕ ಓದ್ತಾಳೆ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮತ್ತೆ ಓದ್ತಾಳೆ. ಆದ್ರೂ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎರಡೂ ಹೋದ್ವು. ಎಷ್ಟು ಓದಿದ್ರೂ ತಲೇಲಿ ನಿಲ್ಲಲ್ಲ ಅಂತಾಳೆ. ನಮ್ಮಂಥೋರಿಗೆ ವಿಜ್ಞಾನ ಒಗ್ಗಲ್ಲ ಅಂತ ಕಾಣುತ್ತೆ. ಬಿಡಿಸಿ, ಎಲ್ಲಾದ್ರೂ ಗಂಡು ನೋಡೋಣ ಅಂತಿದೀವಿ” ಎಂದರು.

ಹುಡುಗಿ ತಲೆ ಎತ್ತಲಿಲ್ಲ. ಅವಳ ಕೈಯಲ್ಲಿದ್ದ ಪುಸ್ತಕ ತೆಗೆದುಕೊಂಡು ನೋಡಿದೆ. ಮೂತ್ರಪಿಂಡದ ಪಾಠ. ಪುಟದ ತುಂಬ ಹಳದಿ ಗೆರೆ; ಗೆರೆ ಎಳೆಯದ ಸಾಲೇ ಕಡಿಮೆ. ಪುಸ್ತಕ ಮುಚ್ಚಿ, “ನೆಫ್ರಾನ್ ಅಂದರೇನು ಹೇಳಮ್ಮ” ಎಂದೆ. ಮೊದಲ ವಾಕ್ಯ ಸರಾಗವಾಗಿ ಬಂತು, ಎರಡನೆಯದು ಅರ್ಧಕ್ಕೆ ನಿಂತಿತು, ಮೂರನೆಯದು ಬರಲೇ ಇಲ್ಲ. ಪುಸ್ತಕ ತೆರೆದು ತೋರಿಸಿದ ಕೂಡಲೇ, “ಇದು ಗೊತ್ತಿತ್ತು ಸರ್, ನೋಡಿದ್ರೆ ಎಲ್ಲಾ ಗೊತ್ತಾಗುತ್ತೆ” ಎಂದಳು. ಕಣ್ಣಲ್ಲಿ ನೀರು ತುಂಬಿತ್ತು.

ಶರಣ ಬಂಧುಗಳೇ, ನೋಡಿದರೆ ಗೊತ್ತಾಗುವುದು ಬೇರೆ, ನೋಡದೆ ಹೇಳುವುದು ಬೇರೆ. ಜಾತ್ರೆಯಲ್ಲಿ ನೂರು ಜನರ ಮುಖ ಕಂಡರೆ ಇವರನ್ನೆಲ್ಲ ಬಲ್ಲೆ ಎನ್ನಿಸುತ್ತದೆ. ಮನೆಗೆ ಬಂದು ಕುಳಿತು ಹೆಸರು ಬರೆಯಹೋದರೆ ಇಪ್ಪತ್ತು ದಾಟುವುದಿಲ್ಲ. ಒಂದೇ ಪುಟವನ್ನು ಹತ್ತು ಸಲ ಓದಿದವರಿಗೆ ಆ ಪುಟದ ಮುಖಪರಿಚಯವಾಗಿರುತ್ತದೆ. ಪರಿಚಯವನ್ನೇ ಅರಿವೆಂದು ನಂಬಿ ಪರೀಕ್ಷೆಗೆ ಹೋಗುತ್ತಾರೆ. ಅಲ್ಲಿ ಪುಟವಿರುವುದಿಲ್ಲ, ಬರೀ ಪ್ರಶ್ನೆಯಿರುತ್ತದೆ. ಆ ಹುಡುಗಿ ಸೋತದ್ದು ಬುದ್ಧಿಯಲ್ಲಲ್ಲ, ಕಷ್ಟಪಡುವುದರಲ್ಲಿ ಮೊದಲೇ ಅಲ್ಲ. ಓದುವ ರೀತಿಯಲ್ಲಿ ಸೋತಿದ್ದಳು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಇದರಲ್ಲಿ ನನ್ನ ತಪ್ಪೂ ಇದೆ. ನಾನು ಕೆಲಸ ಮಾಡಿದ ಕಾಲೇಜಿನಲ್ಲಿ ವರ್ಷಗಟ್ಟಲೆ ನೋಟ್ಸ್ ಬರೆಸಿದೆ. ನಾನು ಹೇಳುವುದು, ಅವರು ಬರೆದುಕೊಳ್ಳುವುದು. ಪರೀಕ್ಷೆಗೆ ಮೊದಲು ಎಲ್ಲವನ್ನೂ ಓದಿಕೊಂಡು ಬನ್ನಿ ಎನ್ನುವುದು. ಹೇಗೆ ಓದಬೇಕೆಂದು ಒಂದು ದಿನವೂ ಹೇಳಲಿಲ್ಲ. ಪಾಠ ಮುಗಿಸಿದ್ದನ್ನೇ ಕಾಯಕ ಮುಗಿಯಿತೆಂದುಕೊಂಡಿದ್ದೆ. ಸೇವೆಯ ಕೊನೆಯ ವರ್ಷಗಳಲ್ಲಿ ನೆನಪಿನ ಬಗ್ಗೆ ನಡೆದಿರುವ ಅಧ್ಯಯನಗಳನ್ನು ಓದಿದಾಗ ನಾಚಿಕೆಯಾಯಿತು.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ನೆನಪಿನ ಕುರಿತು ಪುಸ್ತಕ ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆಂದು ಲೆಕ್ಕವಿಟ್ಟ. ಕಲಿತದ್ದರ ಬಹುಪಾಲು ಮೊದಲ ದಿನದೊಳಗೇ ಜಾರುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂದು ಕಂಡುಕೊಂಡ. ಒಂದೇ ದಿನ ಕುಳಿತು 68 ಸಲ ಉರು ಹೊಡೆದಾಗ ಸಿಕ್ಕಷ್ಟೇ ಫಲ, ಮೂರು ದಿನಕ್ಕೆ ಹಂಚಿ 38 ಸಲ ಹೇಳಿಕೊಂಡಾಗಲೂ ಸಿಕ್ಕಿತು. ನಮ್ಮ ಅಡಿಕೆ ಬೆಳೆಗಾರರಿಗೆ ಇದು ಹೊಸದೇನಲ್ಲ. ವಾರದ ನೀರನ್ನೆಲ್ಲ ಒಂದೇ ದಿನ ಸುರಿದರೆ ಸಸಿ ಕೊಳೆಯುತ್ತದೆ, ಉಳಿದ ಆರು ದಿನ ಒಣಗುತ್ತದೆ.

ಎರಡನೆಯದು 2006ರ ಅಧ್ಯಯನ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಪಾಠಗಳನ್ನು ಓದಲು ಕೊಟ್ಟರು. ಒಂದು ರೀತಿಯಲ್ಲಿ ಅದನ್ನೇ ಮತ್ತೊಮ್ಮೆ ಓದಿಸಿದರು. ಇನ್ನೊಂದು ರೀತಿಯಲ್ಲಿ ಪಾಠ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದ್ದೇ ಮೇಲಾಯಿತು. ಒಂದು ವಾರದ ಬಳಿಕ ಕೇಳಿದಾಗ ಲೆಕ್ಕ ತಿರುಗಿತು: ಮತ್ತೆ ಓದಿದ್ದರಲ್ಲಿ ಶೇ. 42ರಷ್ಟು ಉಳಿದಿತ್ತು, ಮುಚ್ಚಿ ಬರೆದದ್ದರಲ್ಲಿ ಶೇ. 56ರಷ್ಟು. ಅವರದೇ ಇನ್ನೊಂದು ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರಿಗೇ ತಮಗೆ ಚೆನ್ನಾಗಿ ನೆನಪಿರುತ್ತದೆಂಬ ಭರವಸೆ ಹೆಚ್ಚಿತ್ತು! ಓದಿದಷ್ಟೂ ಧೈರ್ಯ, ಪರೀಕ್ಷೆಯಲ್ಲಿ ಕತ್ತಲೆ. ಹಾಗಾದವರು “ನನಗೆ ತಲೆಯಿಲ್ಲ” ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಮನೆಯವರೂ ಅದನ್ನೇ ನಂಬುತ್ತಾರೆ.

ಹಾಗಾದರೆ ಮಾಡಬೇಕಾದದ್ದೇನು? ಅಂದು ಆ ಹುಡುಗಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಒಂದು ಪುಟ ಓದು, ಮುಚ್ಚು. ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆ, ಚಿತ್ರವನ್ನೂ ನೋಡದೆ ಬಿಡಿಸು. ಆಮೇಲೆ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಮಸಿಯಲ್ಲಿ ಸೇರಿಸು. ಆ ಕೆಂಪು ಮಸಿಯೇ ನಾಳೆ ನೀನು ಓದಬೇಕಾದದ್ದು, ಮಿಕ್ಕದ್ದು ಬಂದಿದೆ. ಮುಚ್ಚಿ ಬರೆಯುವಾಗ ಕಷ್ಟವಾಗುತ್ತದೆ, ಬೇಸರ ಬರುತ್ತದೆ. ಕಷ್ಟವಾದರೆ ಸರಿಯಾಗಿ ನಡೆಯುತ್ತಿದೆ ಎಂದೇ ತಿಳಿ.

ಮನೆಗೆ ಬಂದ ಮದುವೆ ಆಮಂತ್ರಣ ಪತ್ರಿಕೆಗಳ ಖಾಲಿ ಬದಿ ಕತ್ತರಿಸಿ ಚೀಟಿ ಮಾಡಿಕೋ. ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ. ಮೂರು ಡಬ್ಬಿ ಇಟ್ಟುಕೋ. ಮೊದಲನೆಯದನ್ನು ದಿನಾ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ತೆಗೆ. ಉತ್ತರ ಬಂದ ಚೀಟಿ ಮುಂದಿನ ಡಬ್ಬಿಗೆ, ಬಾರದ್ದು ಮೊದಲನೆಯ ಡಬ್ಬಿಗೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಇಂಥದ್ದೇ ಉಪಾಯವನ್ನು ಪುಸ್ತಕದಲ್ಲಿ ಬರೆದ. ಖರ್ಚಂತೂ ಏನೂ ಇಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಹೆಸರುಗಳೇ ದೊಡ್ಡ ಹೆದರಿಕೆ. ಆ ಹೆಸರುಗಳು ಇಂಗ್ಲಿಷರಿಗೂ ಮನೆಮಾತಲ್ಲ. ಬಹುಪಾಲು ಗ್ರೀಕ್, ಲ್ಯಾಟಿನ್. ನಾವು ಸಮಾಸ ಬಿಡಿಸಿದಂತೆ ಅವನ್ನೂ ಬಿಡಿಸಬಹುದು. ‘ಲೈಸಿಸ್’ ಎಂದರೆ ಒಡೆಯುವುದು, ‘ಗ್ಲೈಕೋ’ ಎಂದರೆ ಸಿಹಿ; ಗ್ಲೈಕೋಲಿಸಿಸ್ ಎಂದರೆ ಸಕ್ಕರೆ ಒಡೆಯುವುದು. ‘ಹೈಡ್ರೋ’ ನೀರು, ಹೈಡ್ರಾಲಿಸಿಸ್ ಎಂದರೆ ನೀರಿನಿಂದ ಒಡೆಯುವುದು. ‘ಹೈಪೋ’ ಕಡಿಮೆ, ‘ಈಮಿಯ’ ರಕ್ತಕ್ಕೆ ಸಂಬಂಧಿಸಿದ್ದು. ಹೈಪೋಗ್ಲೈಸೀಮಿಯ ಎಂದರೆ ರಕ್ತದಲ್ಲಿ ಸಕ್ಕರೆ ತಗ್ಗಿದ ಸ್ಥಿತಿ. ಇಂಥ ಐವತ್ತು ತುಂಡುಗಳು ಗೊತ್ತಾದರೆ ನೂರಾರು ಪದಗಳ ಬಾಗಿಲು ತೆರೆಯುತ್ತದೆ. ಮೊದಲು ಕನ್ನಡದಲ್ಲಿ ಅರ್ಥಮಾಡಿಕೋ, ಆಮೇಲೆ ಹೆಸರು ಅಂಟಿಸು.

ಇನ್ನು, ಪುಸ್ತಕದಲ್ಲಿರುವುದನ್ನು ಹಿತ್ತಲಲ್ಲಿ ಹುಡುಕು. ಸಸ್ಯ ಕುಟುಂಬಗಳ ಲಕ್ಷಣ ಉರು ಹೊಡೆದು ಸಾಕಾಯಿತೆಂದಳು. ದಾಸವಾಳದ ಹೂ ಕಿತ್ತು ನೋಡು: ಐದು ದಳ, ಕೇಸರಗಳೆಲ್ಲ ಕೂಡಿ ಒಂದೇ ಕೊಳವೆ, ಅದರ ನಡುವಿನಿಂದ ಹೊರಟ ಶಲಾಕೆ. ಬೆಂಡೆಯ ಹೂವಲ್ಲಿಯೂ ಅದೇ, ಹತ್ತಿಯ ಹೂವಲ್ಲಿಯೂ ಅದೇ. ಮಾಲ್ವೇಸಿ ಕುಟುಂಬ ಮುಗಿಯಿತು. ಬದನೆ, ಟೊಮೆಟೊ, ಮೆಣಸಿನಕಾಯಿ ಹೂಗಳನ್ನು ಒಟ್ಟಿಗೆ ಇಟ್ಟರೆ ಸೊಲನೇಸಿ. ಸೊರಬದವರಿಗಂತೂ ಊರಿನ ಬೆನ್ನಿಗೇ ಕಾನುಗಳಿವೆ. ಅರಣ್ಯಶಾಸ್ತ್ರಜ್ಞ ಬ್ರಾಂಡಿಸ್, ಗ್ರಾಂಟ್ ಎಂಬ ಅಧಿಕಾರಿಯ ಜೊತೆ 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಮೇಲೆಯೇ ವರದಿ ಬರೆದ. ನಿತ್ಯಹರಿದ್ವರ್ಣ ಕಾಡಿನ ಲಕ್ಷಣ ಬಾಯಿಪಾಠ ಮಾಡುವ ನಮ್ಮ ಮಕ್ಕಳು ಒಂದು ಭಾನುವಾರ ಕಾನಿನೊಳಗೆ ಹೋಗಿ ಬೈನೆ ಮರ, ಕಾಳುಮೆಣಸಿನ ಬಳ್ಳಿ ನೋಡಿಕೊಂಡು ಬಂದರೆ ಪುಸ್ತಕದ ಸಾಲು ತಾನೇ ನಿಲ್ಲುತ್ತದೆ. ಗುಡವಿಯ ಪಕ್ಷಿಧಾಮವೂ ಅದೇ ತಾಲ್ಲೂಕಿನಲ್ಲಿದೆ.

ಕೊನೆಯದಾಗಿ, ನಿದ್ದೆ ಮಾಡು. ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ಬಹುಮಟ್ಟಿಗೆ ನಿದ್ದೆಯಲ್ಲಿ. ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಏಳುವವರು ಬಿತ್ತಿದ್ದನ್ನು ತಾವೇ ಕೀಳುತ್ತಿದ್ದಾರೆ.

ಇಲ್ಲೊಂದು ಆಕ್ಷೇಪ ಬರಬಹುದು. ಅರ್ಥವಿಲ್ಲದೆ ಹೇಳುವ ಮಂತ್ರವನ್ನು ಶರಣರು ಒಪ್ಪಲಿಲ್ಲ. ಈಗ ನೀವು ಬಾಯಿಪಾಠದ ಉಪಾಯ ಹೇಳುತ್ತೀರಲ್ಲ ಎಂದು. ನನ್ನ ಉತ್ತರ ಇಷ್ಟೇ. ಶರಣರು ದೂರಿದ್ದು ಅರಿವಿಲ್ಲದ ಉಚ್ಚಾರಣೆಯನ್ನು, ನೆನಪನ್ನಲ್ಲ. ನಾಳೆ ಈ ಹುಡುಗಿ ಪ್ರಯೋಗಾಲಯದಲ್ಲೋ ಆಸ್ಪತ್ರೆಯಲ್ಲೋ ನಿಂತಾಗ ರೋಗಿಯ ಎದುರು ಪುಸ್ತಕ ತೆರೆಯುತ್ತ ಕೂರುವ ಹಾಗಿಲ್ಲ. ಕೆಲವು ಸಂಗತಿಗಳು ಕೈಬೆರಳಿನಂತೆ ಜೊತೆಗಿರಲೇಬೇಕು. ಪ್ರಶ್ನೆ ಎದುರಿಸಿ ಗಟ್ಟಿಯಾದ ನೆನಪು ಅರಿವಿಗೆ ಶತ್ರುವಲ್ಲ, ಅದರ ಬುನಾದಿ.

ಪ್ರಶ್ನೆಯ ಪರಂಪರೆ ನಮ್ಮದೇ ನೆಲದ್ದು. ಅಲ್ಲಮಪ್ರಭುಗಳು ಬಳ್ಳಿಗಾವಿಯವರು, ಅಕ್ಕಮಹಾದೇವಿ ಉಡುತಡಿಯವರು; ಎರಡೂ ಊರು ಶಿಕಾರಿಪುರ ತಾಲ್ಲೂಕಿನವು. ಇಬ್ಬರೂ ಎದುರಾದದ್ದು ದೂರದ ಕಲ್ಯಾಣದಲ್ಲಿ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಪಾದಿಸಿದ ಶೂನ್ಯಸಂಪಾದನೆ ಆ ಭೇಟಿಯನ್ನು ಪ್ರಶ್ನೋತ್ತರವಾಗಿಯೇ ಕಟ್ಟಿದೆ. ಪ್ರಭುಗಳು ಅಕ್ಕನಿಗೆ ಉಪದೇಶ ಬರೆಸಿಕೊಟ್ಟು ಕಳಿಸಲಿಲ್ಲ. ಕೇಳಿದರು, ಮತ್ತೆ ಕೇಳಿದರು, ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಇಟ್ಟರು. ಅಕ್ಕ ಉತ್ತರ ಕೊಟ್ಟದ್ದು ತನ್ನೊಳಗಿನಿಂದ.

ಮಠಗಳು ವಿದ್ಯೆಯ ಜಾಗಗಳಾಗಿದ್ದ ಊರೂ ಇದೇ. ಬಳ್ಳಿಗಾವಿಯ ಕೋಡಿಯಮಠವನ್ನು 1162ರ ಶಾಸನ ಹೊಗಳುತ್ತದೆ: ಅಲ್ಲಿ ವ್ಯಾಕರಣವೂ ದರ್ಶನಗಳೂ ಕಾವ್ಯ ನಾಟಕಗಳೂ ಪಾಠವಾಗುತ್ತಿದ್ದವು, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿತ್ತು. ಅದು ಕಾಳಾಮುಖರ ಮಠ, ಶರಣರದಲ್ಲ. ಆದರೂ ಅನ್ನ, ಅಕ್ಷರ, ಆರೈಕೆ ಮೂರೂ ಒಂದೇ ಸೂರಿನಡಿ ಇರಬಹುದೆಂಬುದನ್ನು ಈ ನೆಲ ಕಂಡಿತ್ತು. ಕಳೆದ ಶತಮಾನದಲ್ಲಿ ನಮ್ಮ ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದು ಬಡ ಮಕ್ಕಳನ್ನು ಓದಿಸಿದ್ದು ನಾಡಿಗೇ ಗೊತ್ತು. ಅನ್ನದಾಸೋಹ ನಡೆದಿದೆ, ಅಕ್ಷರದಾಸೋಹ ನಡೆದಿದೆ. ಇನ್ನೊಂದು ಹೆಜ್ಜೆ ಉಳಿದಿದೆ.

ಸಂಜೆ ಪ್ರಸಾದ ನಿಲಯಗಳಿಗೆ ಹೋಗಿ ನೋಡಿ. ‘ಓದುವ ಅವಧಿ’ ಎಂದರೆ ಮಕ್ಕಳೆಲ್ಲ ಒಟ್ಟಿಗೆ ಗುನುಗುನು ಓದುವುದು. ಸದ್ದು ಕೇಳಿದರೆ ಮೇಲ್ವಿಚಾರಕರಿಗೆ ಸಮಾಧಾನ. ಪೂಜ್ಯರಲ್ಲಿ, ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ: ಆ ಅವಧಿಯ ಕೊನೆಯ ಅರ್ಧ ಗಂಟೆಯನ್ನು ‘ಕೇಳುವ ಅವಧಿ’ ಮಾಡಿ. ಪುಸ್ತಕಗಳು ಮುಚ್ಚಿರಲಿ. ಇಬ್ಬಿಬ್ಬರು ಎದುರುಬದುರು ಕುಳಿತು ಚೀಟಿ ಹಿಡಿದು ಒಬ್ಬರನ್ನೊಬ್ಬರು ಕೇಳಲಿ. ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಕೇಳಲಿ. ವಾರಕ್ಕೊಮ್ಮೆ ಹಳೆಯ ಪಾಠದ ಚೀಟಿಗಳು ಹೊರಬರಲಿ. ಹೊಸ ಕಟ್ಟಡ ಬೇಡ, ಅನುದಾನ ಬೇಡ, ಕಂಪ್ಯೂಟರ್ ಬೇಡ.

ತಂದೆತಾಯಂದಿರಿಗೂ ಒಂದು ಮಾತು. ಕೇಳುವವರಿಗೆ ಜೀವಶಾಸ್ತ್ರ ಗೊತ್ತಿರಬೇಕಾಗಿಲ್ಲ. ಇದೇ ಇದರ ದೊಡ್ಡ ಗುಣ. ಪಟ್ಟಣದವರು ಸಾವಿರಾರು ರೂಪಾಯಿ ಕೊಟ್ಟು ಟ್ಯೂಷನ್ನಿಗೆ ಕಳಿಸುತ್ತಾರೆ, ಅಲ್ಲಿ ದಿನಾ ಪರೀಕ್ಷೆ ಮಾಡುತ್ತಾರೆ. ನಿಮ್ಮ ಮನೆಯಲ್ಲಿ ರೊಟ್ಟಿ ತಟ್ಟುತ್ತಲೇ ತಾಯಿ “ಇವತ್ತೇನು ಕಲಿತೆ, ನನಗೆ ತಿಳಿಯೋ ಹಂಗೆ ಹೇಳು” ಎಂದರೆ ಅದೂ ಪರೀಕ್ಷೆಯೇ. ತಾಯಿಗೆ ತಿಳಿಯುವಂತೆ ಹೇಳಲು ಬಂದರೆ ಪಾಠ ಬಂದಿದೆ. ಬಾರದಿದ್ದರೆ ಎಲ್ಲಿ ತಡವರಿಸಿತೆಂದು ಮಗಳಿಗೇ ಗೊತ್ತಾಗುತ್ತದೆ.

ಅಂದು ಆ ರೈತರಿಗೆ ಇಷ್ಟು ಹೇಳಿದೆ: “ಗೌಡ್ರೆ, ಒಂದು ವರ್ಷ ತಡೀರಿ. ದಿನಾ ಅರ್ಧ ತಾಸು ನೀವೇ ಇವಳನ್ನ ಕೇಳಿ.” ಅವರು ನಕ್ಕು, “ನಾನು ಏಳನೇ ಕ್ಲಾಸು ಸರ್ರೆ” ಎಂದರು. “ಸಾಕು” ಎಂದೆ.

ಈ ವರ್ಷ ಮತ್ತೆ ಅದೇ ಮಠದಲ್ಲಿ ಸಿಕ್ಕರು. ಸಸ್ಯಶಾಸ್ತ್ರ ಪಾಸಾಗಿದೆ, ಪ್ರಾಣಿಶಾಸ್ತ್ರದ್ದು ಇನ್ನೂ ಒಂದು ಪತ್ರಿಕೆ ಉಳಿದಿದೆ. ಹುಡುಗಿ ಕಾಲೇಜು ಬಿಟ್ಟಿಲ್ಲ. ಆದರೆ ನನಗೆ ಹೆಚ್ಚು ಸಂತೋಷವಾದದ್ದು ಅಪ್ಪನ ಮಾತು ಕೇಳಿ. “ಸರ್ರೆ, ನಮ್ ಎರಡೂ ಮೂತ್ರಪಿಂಡ ಸೇರಿ ದಿನಕ್ಕೆ ನೂರೆಂಬತ್ತು ಲೀಟರ್ ಸೋಸ್ತಾವಂತೆ. ಇಪ್ಪತ್ತು ಲೀಟರಿನ ಒಂಬತ್ತು ಕ್ಯಾನು! ಬೇಕಾದ್ದೆಲ್ಲ ವಾಪಸ್ ರಕ್ತಕ್ಕೆ ಎಳ್ಕೊಂಡು ಒಂದೂವರೆ ಲೀಟರ್ ಮಾತ್ರ ಹೊರಗೆ ಬಿಡ್ತಾವಂತೆ. ನಮ್ ಅಂಜನಾಪುರದ ನಾಲೆ ನೀರಿಗೂ ಇಂಥ ಲೆಕ್ಕ ಇದ್ದಿದ್ರೆ ಕೊನೇ ಗದ್ದೆಗೂ ನೀರು ಬರ್ತಿತ್ತು” ಎಂದರು.

ಮಗಳು ಪಕ್ಕದಲ್ಲಿ ನಿಂತು, “ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್, ಅದನ್ನ ಬಿಟ್ರಿ ಅಪ್ಪಾಜಿ” ಎಂದು ತಿದ್ದಿದಳು. ಅವಳ ಕೈಯಲ್ಲಿ ಪುಸ್ತಕವಿರಲಿಲ್ಲ.